‘ಮುಟ್ಟು’ ಎಂಬ ಪದ ಆಶುಲಿಯಾ ತಲುಪಿದ ಬಗೆ

ಬೆಂಗಳೂರಿನ ಪೀಣ್ಯ ಮತ್ತು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಢಾಕಾದ ಹೊರವಲಯದ ಆಶುಲಿಯಾದ ಹೊಲಿಗೆ ಕಾರ್ಮಿಕರೊಂದಿಗೆ ವಾಟ್ಸ್‌ಆ್ಯಪ್ ಮೂಲಕ ಜೋಡಿಸುವುದು ಕೆಲವು ವರ್ಷಗಳಿಂದ ನನ್ನ ಉದ್ಯೋಗ. ಇಲ್ಲಿ ಯಾರಾದರೂ ಸಂಬಳದ ಮಾತೆತ್ತಿದರೆ ‘ಆರ್ಡರ್ ಬಾಂಗ್ಲಾದೇಶಕ್ಕೆ ಹೋಗುತ್ತದೆ’ ಎಂದು ಹೆದರಿಸುವುದು, ಅಲ್ಲಿ ಯಾರಾದರೂ ಮಾತೆತ್ತಿದರೆ ‘ಆರ್ಡರ್ ಇಂಡಿಯಾಕ್ಕೆ ಹೋಗುತ್ತದೆ’ ಎನ್ನುವುದು ಹಳೆಯ ರೂಢಿ. ಯಾರ ಹೆಸರು ಹೇಳಿ ತಮ್ಮನ್ನು ಹೆದರಿಸಲಾಗುತ್ತಿದೆಯೋ ಅವರೊಂದಿಗೇ ಈ ಹೆಂಗಸರು ನೇರವಾಗಿ ಮಾತನಾಡಿದರೆ ತಮ್ಮ ಬೇಡಿಕೆಗಳನ್ನು ಇನ್ನಷ್ಟು ಗಟ್ಟಿಯಾಗಿ ಮುಂದಿಡಬಹುದು ಎಂಬ ನಂಬಿಕೆಯಿಂದ ಗುಂಪು ಹುಟ್ಟಿಕೊಂಡಿತು. ಅದನ್ನು ನಡೆಸುವಾಗ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷ ನಮ್ಮಲ್ಲಿ ದುಭಾಷಿಗಳು ಇರಲಿಲ್ಲ. ಧ್ವನಿ ಸಂದೇಶಗಳನ್ನು ಕೇಳಿ, ಬರೆದುಕೊಂಡು, ಫೋನಿನ ಅನುವಾದ ತಂತ್ರಾಂಶದ ಮೂಲಕ ಬಂಗಾಳಿಗೆ ತಿರುಗಿಸಿ ಕಳುಹಿಸುತ್ತಿದ್ದೆ. ಪೀಣ್ಯದ ಒಬ್ಬರು, ಮುಟ್ಟಿನ ದಿನಗಳಲ್ಲಿ ಕೂಡ ಸೂಪರ್‌ವೈಸರ್ ಶೌಚಾಲಯಕ್ಕೆ ಬಿಡುವುದಿಲ್ಲ ಎಂದು ದೂರಿದ್ದರು. ಕನ್ನಡದ ‘ಮುಟ್ಟು’ ಪದಕ್ಕೆ ಎರಡು ಅರ್ಥಗಳಿರುವುದು ನಮಗೆ ಗೊತ್ತು. ತಂತ್ರಾಂಶ ಸ್ಪರ್ಶದ ಅರ್ಥವನ್ನೇ ಹಿಡಿಯಿತು. ಬಂಗಾಳಿಯಲ್ಲಿ ‘ಮಾಸಿಕ್’ ಎಂದಿದ್ದರೆ ಸಾಕಿತ್ತು. ಆಶುಲಿಯಾದವರು ಸೂಪರ್‌ವೈಸರ್ ಆಕೆಯ ಮೈಮುಟ್ಟಿದ್ದಾನೆಂದು ತಿಳಿದು, ಹೆದರಬೇಡಿ, ದೂರು ಕೊಡಿ ಎಂದು ಸಾಲುಸಾಲಾಗಿ ಸಂದೇಶ ಕಳುಹಿಸಿದರು. ನಾನು ಅದೇ ಅವಸರದಲ್ಲಿ ಅವೆಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಗುಂಪಿಗೆ ಹಾಕಿದೆ. ಆಕೆಯ ಮನೆಯಲ್ಲಿದ್ದದ್ದು ಒಂದೇ ಫೋನು, ಆ ಹೊತ್ತಿಗೆ ಅದು ಗಂಡನ ಕೈಯಲ್ಲಿತ್ತು. ಮರುದಿನ ಆಕೆ ಗುಂಪಿನಿಂದ ಹೊರಹೋದರು. ಮನೆಗೆ ಹೋಗಿ ವಿವರಿಸಿದೆ, ಕ್ಷಮೆ ಕೇಳಿದೆ; ಆದರೆ ಅನುಮಾನ ಒಮ್ಮೆ ಮನೆಯೊಳಗೆ ಬಂದ ಮೇಲೆ ನನ್ನ ವಿವರಣೆಗೆ ಎಷ್ಟು ಬೆಲೆ?

ಆಮೇಲೆ ದುಭಾಷಿಯನ್ನು ಹುಡುಕತೊಡಗಿದೆವು. ಕಾಲೇಜುಗಳಲ್ಲಿ, ಅನುವಾದ ಸಂಸ್ಥೆಗಳಲ್ಲಿ ವಿಚಾರಿಸಿ ಸುಸ್ತಾದ ಮೇಲೆ ತಿಳಿದದ್ದೇನೆಂದರೆ, ನಮ್ಮದೇ ಗುಂಪಿನವರ ಲೈನಿನಲ್ಲಿ ತ್ರಿಪುರಾದಿಂದ ಬಂದ, ಮನೆಮಾತು ಬಂಗಾಳಿಯಾದ ಯುವತಿಯೊಬ್ಬಳು ಎರಡು ವರ್ಷಗಳಿಂದ ಕಾಲರ್ ಹೊಲಿಯುತ್ತಿದ್ದಳು. ಕನ್ನಡವನ್ನು ಅವಳು ಫ್ಲೋರಿನಲ್ಲಿಯೇ ಕಲಿತಿದ್ದಳು. ಟಾರ್ಗೆಟ್, ಓಟಿ (ಹೆಚ್ಚುವರಿ ಹೊತ್ತಿನ ದುಡಿಮೆ), ಆಲ್ಟರ್ (ತಪ್ಪಾದ ಹೊಲಿಗೆಯನ್ನು ಮತ್ತೆ ಸರಿಪಡಿಸುವುದು), ಹೆಲ್ಪರ್ ಮುಂತಾದ ಪದಗಳ ಹಿಂದಿನ ಅವಮಾನವಾಗಲಿ ಆಯಾಸವಾಗಲಿ ಅವಳಿಗೆ ವಿವರಿಸುವ ಅಗತ್ಯವೇ ಇರಲಿಲ್ಲ. ಆದರೆ ಗುಂಪು ಸೇರಲು ಅವಳು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಬಂಗಾಳಿ ಮಾತನಾಡುವ ವಲಸೆ ಕಾರ್ಮಿಕರನ್ನು ಯಾವ ಕಣ್ಣಿನಿಂದ ನೋಡುತ್ತಾರೆಂಬುದು ಅವಳಿಗೆ ತಿಳಿದಿತ್ತು. +880ರಿಂದ ಆರಂಭವಾಗುವ ಬಾಂಗ್ಲಾದೇಶದ ಸಂಖ್ಯೆಗಳು ತನ್ನ ಫೋನಿನಲ್ಲಿ ಸಿಕ್ಕರೆ ತನ್ನ ಗತಿಯೇನು ಎಂದು ಕೇಳಿದಳು. ಆ ಪ್ರಶ್ನೆ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ, ಏಕೆಂದರೆ ನನ್ನ ಫೋನನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಕೊನೆಗೆ ಅವಳ ಸಂಖ್ಯೆ ಎಲ್ಲಿಯೂ ಕಾಣದಂತೆ, ವಾರಕ್ಕೊಮ್ಮೆ ನಮ್ಮ ಕಚೇರಿಯಲ್ಲಿ ಕುಳಿತು ನನ್ನ ಫೋನಿನಲ್ಲಿಯೇ ಅನುವಾದಿಸುವುದೆಂದು ತೀರ್ಮಾನವಾಯಿತು. ಅವಳಿಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ ಕೊಡುತ್ತೇವೆ. ಹೋರಾಟದ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವ ಅಭ್ಯಾಸ ನಮ್ಮ ಕ್ಷೇತ್ರದಲ್ಲಿ ಸಾಕಷ್ಟಿದೆ, ಅದನ್ನು ಇಲ್ಲಿ ಮುಂದುವರಿಸಬಾರದು ಎನಿಸಿತು.

ಸಮಯದ ಹೊಂದಾಣಿಕೆಯೂ ಸುಲಭವಾಗಿರಲಿಲ್ಲ. ಅವರ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದಿದೆ, ಅದು ದೊಡ್ಡದಲ್ಲ; ಆದರೆ ಅವರ ವಾರದ ರಜೆ ಶುಕ್ರವಾರ, ನಮ್ಮದು ಭಾನುವಾರ. ಕೊನೆಗೆ ಶುಕ್ರವಾರ ರಾತ್ರಿ ಎಂಟೂವರೆ ಗೊತ್ತಾಯಿತು. ನಮ್ಮವರು ಒಲೆಯ ಮುಂದೆ ನಿಂತುಕೊಂಡೇ ಮಾತನಾಡುತ್ತಾರೆ. 2024ರ ಜುಲೈ 18ರ ರಾತ್ರಿ ಬಾಂಗ್ಲಾದೇಶದಲ್ಲಿ ಇಂಟರ್ನೆಟ್ ಸಂಪೂರ್ಣ ನಿಂತು, ಮೊಬೈಲ್ ಡೇಟಾ 28ರವರೆಗೆ ಮರಳದಿದ್ದಾಗ, ಆನ್‌ಲೈನ್ ಬಳಗವೆಂದರೆ ಒಂದು ಗುಂಡಿ ಒತ್ತಿದರೆ ಮಾಯವಾಗುವ ವಸ್ತು ಎಂಬುದು ಅರಿವಾಯಿತು. ಈಗ ಪ್ರತಿ ಕಡೆಯ ಇಬ್ಬರ ಬಳಿ ಸಾಮಾನ್ಯ ಕರೆಗೆ ಬೇಕಾದ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ಇಟ್ಟಿದ್ದೇವೆ.

ನಾನು ಸಿದ್ಧಪಡಿಸಿಕೊಂಡು ಹೋಗುತ್ತಿದ್ದ ‘ಮಹಿಳಾ ಒಗ್ಗಟ್ಟು’, ‘ಹಕ್ಕುಗಳ ಅರಿವು’ ಮುಂತಾದ ವಿಷಯಗಳಿಗೆ ಬಹುತೇಕ ಮೌನವೇ ಉತ್ತರವಾಗಿರುತ್ತಿತ್ತು. ಮಾತು ಹರಿದದ್ದು ಮಕ್ಕಳ ಕೋಣೆಯ ವಿಷಯ ಬಂದಾಗ. ಆಗ ನಮಗೆ ಅನ್ವಯಿಸುತ್ತಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ 30ಕ್ಕಿಂತ ಹೆಚ್ಚು ಮಹಿಳೆಯರಿದ್ದಲ್ಲಿ, ಅವರ 2006ರ ಕಾರ್ಮಿಕ ಕಾಯ್ದೆಯ ಪ್ರಕಾರ 40 ಅಥವಾ ಅದಕ್ಕಿಂತ ಹೆಚ್ಚು ಮಹಿಳೆಯರಿದ್ದಲ್ಲಿ, ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು. ಸಂಖ್ಯೆ ಕೇಳಿ ಯಾರೂ ಬೆರಗಾಗಲಿಲ್ಲ. ‘ನಿಮ್ಮ ಕೋಣೆ ಎಷ್ಟು ಗಂಟೆಗೆ ತೆರೆಯುತ್ತದೆ?’ ಎಂದು ಆಶುಲಿಯಾದ ಒಬ್ಬರು ಕೇಳಿದಾಗ ಮಾತ್ರ ಎಲ್ಲರೂ ಒಮ್ಮೆಲೇ ಮಾತನಾಡತೊಡಗಿದರು. ನಮ್ಮ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಶುರುವಾದ ಅರ್ಧ ಗಂಟೆಯ ನಂತರ ಅದರ ಬೀಗ ತೆಗೆಯುತ್ತಿದ್ದರು.

2025ರ ಅಕ್ಟೋಬರಿನಲ್ಲಿ, ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ಕೊಟ್ಟ ಸುದ್ದಿಯನ್ನು ಗುಂಪಿಗೆ ತಿಳಿಸಬೇಕಾಯಿತು. ಈ ಬಾರಿ ಆ ಯುವತಿ ‘ಮಾಸಿಕ್’ ಎಂದೇ ಹೇಳಿದಳು. ಅಭಿನಂದನೆಗಳು ಬರಬಹುದೆಂದು ಕಾದಿದ್ದೆ. ಬಂದದ್ದು ಒಂದು ಪ್ರಶ್ನೆ: ‘ಆ ದಿನ ರಜೆ ಹಾಕಿದರೆ ಹಾಜಿರಾ ಬೋನಸ್ ಉಳಿಯುತ್ತದೆಯೇ?’ ಅಲ್ಲಿನ ಕಾರ್ಖಾನೆಗಳಲ್ಲಿ ಒಂದು ದಿನ ತಪ್ಪಿದರೂ ತಿಂಗಳ ಹಾಜರಿ ಬೋನಸ್ ಕೈಬಿಡುವುದು ಸಾಮಾನ್ಯ. ನಮ್ಮವರಿಗೂ ಆ ಸಂಕಟ ಹೊಸದಲ್ಲ, ‘ಹಾಜಿರಾ’ ಪದಕ್ಕೆ ಅನುವಾದವೂ ಬೇಕಾಗಲಿಲ್ಲ. ಹೀಗಿದ್ದೂ ನೀತಿಯನ್ನು ಸ್ವಾಗತಿಸುವ ಸಡಗರದಲ್ಲಿದ್ದ ನಮ್ಮಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಕಾರ್ಮಿಕ ಇಲಾಖೆಗೆ ಸಿದ್ಧಪಡಿಸಿದ ಮನವಿಯ ಮೊದಲ ಬೇಡಿಕೆಯೇ, ಮುಟ್ಟಿನ ರಜೆಯನ್ನು ಗೈರುಹಾಜರಿ ಎಂದು ಪರಿಗಣಿಸಿ ಬೋನಸ್ ಕಡಿತ ಮಾಡಬಾರದು ಎಂಬುದಾಯಿತು.

ಸಹಿ ಸಂಗ್ರಹಿಸಲು ಹೋದಾಗ ಪೀಣ್ಯದ ಆ ಹೆಣ್ಣುಮಗಳ ಮನೆಗೂ ಹೋಗಿದ್ದೆ. ಮನವಿಯನ್ನು ಎರಡು ಬಾರಿ ಓದಿಸಿಕೊಂಡು ಕೇಳಿ ಸಹಿ ಹಾಕಿದರು. ಗುಂಪಿಗೆ ಇನ್ನೂ ಮರಳಿಲ್ಲ.