ಕೋಡಿ ಬಿದ್ದ ಲಕ್ಷ್ಮೀಸಾಗರ

ಕೋಲಾರದಿಂದ ಬೆಂಗಳೂರಿನ ಬಸ್ ಹತ್ತಿ ನರಸಾಪುರದಲ್ಲಿ ಇಳಿದಾಗ ಇನ್ನೂ ಎಳೆಬಿಸಿಲು. ಅಲ್ಲಿಂದ ಆಟೊದಲ್ಲಿ ಲಕ್ಷ್ಮೀಸಾಗರಕ್ಕೆ ಹೋದೆ. ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ನಮ್ಮ ಜಿಲ್ಲೆಗೆ ಮೊದಲು ಇಳಿಯುವ ಕೆರೆ ಅದು. ಕಣ್ಣಾರೆ ನೋಡಬೇಕೆಂಬುದು ಬಹಳ ದಿನಗಳ ಆಸೆ.

ಜೀವನದಿಯಿಲ್ಲದ ಕೋಲಾರಕ್ಕೆ ಕೆರೆಗಳೇ ಗತಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ 126 ಕೆರೆಗಳಿಗೆ ಹರಿಸಿ ಅಂತರ್ಜಲ ಏರಿಸುವುದು ಕೆ.ಸಿ. ವ್ಯಾಲಿ ಯೋಜನೆಯ ಗುರಿ. 2018ರ ಜೂನ್‌ನಲ್ಲಿ ಇಲ್ಲಿಗೆ ನೀರು ಬಂತು. ಮರು ತಿಂಗಳೇ ನೊರೆ ಎದ್ದಿತು. ವಿವಾದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಏರಿಯ ಮೇಲೆ ಹಸು ಹಿಡಿದು ನಿಂತಿದ್ದ ಹಿರಿಯರೊಬ್ಬರು ಕೆರೆಯ ನೀರು ಬಿಡುವ ನೀರಗಂಟಿ ಮನೆತನದವರಂತೆ. "ತೂಬು ಎತ್ತುತ್ತಿದ್ದದ್ದು ನಮ್ಮಪ್ಪ. ಆಮೇಲೆ ಕೆರೆಯ ತುಂಬಾ ಜಾಲಿ ಬೆಳೆದುಬಿಟ್ಟಿತಪ್ಪ" ಎಂದರು.

"ಈಗ ಕೋಡಿ ಹರಿಯುತ್ತಿದೆಯಲ್ಲ ತಾತ?"

"ಹರಿಯುತ್ತಿದೆ. ಬಾವಿಯಲ್ಲೂ ನೀರು ಕಂಡಿದೆ. ಹಿಂದೆ ಈ ಕೆರೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದೆವು. ಈಗ ಹಸುವಿಗೆ ಕುಡಿಸಲೂ ಕೈ ಬರುವುದಿಲ್ಲ."

ಕೋಡಿಯ ಬಳಿ ಕುಳಿತು ಬೊಗಸೆ ತುಂಬಿಕೊಂಡೆ. ನೀರು ತಿಳಿಯಾಗಿಯೇ ಇತ್ತು. ಆದರೆ ಅದರಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಕಣಗಳು ತೇಲುತ್ತಿದ್ದವು. ಬೊಗಸೆ ಬಿಟ್ಟ ಮೇಲೂ ಬೆರಳ ಸಂದಿಯಲ್ಲಿ ಪಾಚಿಯ ಜಿಗುಟು ಉಳಿಯಿತು. ಎರಡು ಹಂತದ ಶುದ್ಧೀಕರಣ ಕೊಳೆಯನ್ನು ಬಹುಪಾಲು ತೆಗೆಯುತ್ತದೆ. ಸಾರಜನಕ, ರಂಜಕ ಉಳಿದುಬಿಡುತ್ತವೆ. ಪಾಚಿ, ಕಳೆಗಳಿಗೆ ಅವೇ ಗೊಬ್ಬರ. ಅಂಚಿನಲ್ಲಿ ಅಂತರಗಂಗೆ ಹಬ್ಬಿತ್ತು. ಕೋಲಾರದವರಿಗೆ ಆ ಹೆಸರು ಕೇಳಿದರೆ ಬೆಟ್ಟದ ಮೇಲೆ ಕಲ್ಲಿನ ಬಸವನ ಬಾಯಿಂದ ಬೀಳುವ ತಿಳಿನೀರು ನೆನಪಾಗುತ್ತದೆ. ಅದೇ ಹೆಸರಿನ ಕಳೆ ಇಲ್ಲಿ ಕೆರೆಯನ್ನು ಮುಚ್ಚುತ್ತಿರುವುದನ್ನು ಕಂಡು ಹೊಟ್ಟೆ ಉರಿಯಿತು.

ನೀರು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಬತ್ತಿದ ಬೋರ್‌ವೆಲ್‌ಗಳ ಊರಿನವನು ನಾನು. ಆದರೆ ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕು. ನೆಲದೊಳಗೆ ಇಂಗಿದ್ದನ್ನು ಮತ್ತೆ ಸೋಸಲಾದೀತೇ?

ಇಲ್ಲಿ ಕೋಡಿ ಬಿದ್ದ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತದೆ. ತಾತ ಹಸುವನ್ನು ಗೂಟಕ್ಕೆ ಕಟ್ಟಿ, ಕುಡುಗೋಲು ಹಿಡಿದು ಕಾಲುವೆಗೆ ಇಳಿದರು. ಜೊಂಡಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲಗಳನ್ನು ಅವರು ಬಿಡಿಸಿ ಕೊಡುತ್ತಾ ಹೋದರು. ನಾನು ದಡಕ್ಕೆ ಎಳೆದು ಹಾಕುತ್ತಾ ಹೋದೆ.