ಕುಮಾರಪರ್ವತ ಹತ್ತುವವರು ತುರಚೆ ಗಿಡವನ್ನು ಗುರುತಿಸಿಕೊಂಡೇ ಹೊರಡಿ

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತಕ್ಕೆ ಹೊರಡುವವರು ಜಿಗಣೆಗೆಂದು ಉಪ್ಪು, ಸುಣ್ಣ, ನಶ್ಯ ಎಲ್ಲವನ್ನೂ ಕಟ್ಟಿಕೊಳ್ಳುತ್ತಾರೆ. ಮುಟ್ಟಿದರೆ ಉರಿ ಹತ್ತಿಸುವ ತುರಚೆ ಗಿಡದ ಬಗ್ಗೆ ವಿಚಾರಿಸುವವರು ಕಡಿಮೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಮಳೆಗಾಲ ಕಳೆದ ಮೇಲೆ ನಾವು ಹೋದಾಗ, ಗಿರಿಗದ್ದೆಯ ಭಟ್ಟರ ಮನೆ ಸಿಗುವ ತನಕದ ದಟ್ಟ ಕಾಡಿನಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಇದೇ ಗಿಡ. 1,712 ಮೀಟರ್ ಎತ್ತರದ ಶಿಖರದತ್ತ ಸಾಗುವ ಹುಲ್ಲುಗಾವಲಿನಲ್ಲಿ ಈ ಭಯ ಅಷ್ಟಿಲ್ಲ.

ತುರಚೆಯಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು, ಆಳೆತ್ತರವನ್ನೂ ಮೀರಿ ಬೆಳೆಯುವ ಡೆಂಡ್ರೊಕ್ನೈಡ್ ಸಿನುವೇಟಾ. ಅಂಗೈಗಿಂತ ಬಹಳ ದೊಡ್ಡದಾದ ಇದರ ಹಸಿರೆಲೆ ದೂರಕ್ಕೆ ನುಣುಪಾಗಿ, ನಿರಪಾಯವಾಗಿ ಕಾಣುತ್ತದೆ. ಎಲೆಯ ತೊಟ್ಟನ್ನು ಬೆಳಕಿಗೆ ಎದುರಾಗಿ ನೋಡಿದರೆ ಮಾತ್ರ ಅದರ ಮೇಲಿನ ಸಣ್ಣ ರೋಮಗಳು ತೋರುತ್ತವೆ. ಒಳಗೆ ಟೊಳ್ಳಾದ ಈ ರೋಮಗಳು ಇಂಜೆಕ್ಷನ್ ಸೂಜಿಯಂತೆ ಚರ್ಮಕ್ಕೆ ಚುಚ್ಚಿ, ತುದಿ ಮುರಿದು, ಒಳಗಿನ ವಿಷರಸವನ್ನು ಬಿಡುತ್ತವೆ.

ಕಡಿದಾದ ಏರಿನಲ್ಲಿ ಕಾಲು ಜಾರಿದಾಗ ಕೈಗೆ ಸಿಕ್ಕಿದ ಕಾಂಡವನ್ನು ಹಿಡಿಯುವುದು ಸಹಜ. ನಮ್ಮ ಜೊತೆಗಾರರೊಬ್ಬರಿಗೆ ಉರಿ ಹತ್ತಿದ್ದು ಹಾಗೆಯೇ. ಆದ್ದರಿಂದ ಆಸರೆಗೆ ಊರುಗೋಲು ಇರಲಿ, ತುಂಬುತೋಳಿನ ಅಂಗಿ ಮತ್ತು ದಪ್ಪ ಬಟ್ಟೆಯ ಪ್ಯಾಂಟ್ ಇರಲಿ. ಜಿಗಣೆ ನೋಡಲೆಂದು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡೇ ನಡೆಯುವ ರೂಢಿಯನ್ನು ಈ ಕಾಡಿನಲ್ಲಿ ದಯವಿಟ್ಟು ಬಿಡಿ. ದೇಹಬಾಧೆಗೆಂದು ದಾರಿ ಬಿಟ್ಟು ಪೊದೆಯ ಮರೆಗೆ ಹೋಗುವವರು ಮೊದಲು ಸುತ್ತಲಿನ ಎಲೆಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು.

ತಗುಲಿದರೆ ಉಜ್ಜಬಾರದು, ಕೆರೆಯಬಾರದು. ಉಜ್ಜಿದಷ್ಟೂ ರೋಮಗಳು ಇನ್ನಷ್ಟು ಒಳಕ್ಕೆ ಇಳಿಯುತ್ತವೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿರುವ ಅಂಟುಪಟ್ಟಿಯನ್ನು ಆ ಜಾಗಕ್ಕೆ ಒತ್ತಿ ಎಳೆದರೆ ಸಾಕಷ್ಟು ರೋಮಗಳು ಕಿತ್ತುಬರುತ್ತವೆ. ಉರಿ ಕೆಲವೊಮ್ಮೆ ದಿನಗಟ್ಟಲೆ ಉಳಿಯುತ್ತದೆ, ನೀರು ಸೋಕಿದಾಗ ಮತ್ತೆ ಕೆರಳುವುದೂ ಉಂಟು. ಅಲರ್ಜಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು. ಮುಖ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ಶಿಖರದ ಆಸೆ ಬಿಟ್ಟು, ಸಹಾಯಕ್ಕೆ ಜನರನ್ನು ಕರೆದು, ಆದಷ್ಟು ಬೇಗ ಆಸ್ಪತ್ರೆ ತಲುಪಿಸಬೇಕು.

ಸಿಟ್ಟಿನಿಂದ ಗಿಡವನ್ನು ಕಡಿಯಬೇಡಿ. ಇದು ಪುಷ್ಪಗಿರಿ ವನ್ಯಜೀವಿಧಾಮ, ಗಿಡ ಇಲ್ಲಿಯದೇ. ತುರಚೆಯ ಬಳಗದ ಸೊಪ್ಪನ್ನೇ ತಿಂದು ಬೆಳೆಯುವ ಚಿಟ್ಟೆಗಳೂ ಪಶ್ಚಿಮಘಟ್ಟದಲ್ಲಿವೆ. ಗುಂಪಿನ ಮುಂದೆ ನಡೆಯುವವರು ಗಿಡ ಕಂಡ ಕೂಡಲೇ ಕೂಗಿ ಹಿಂದಿನವರಿಗೆ ತಿಳಿಸಿದರೆ ಸಾಕು.