ಉಡಿ

ಹೊಸ ಕಿಡ್ನಿಯನ್ನು ಬೆನ್ನಿನ ಹತ್ತಿರ, ಹಳೆಯವು ಇರುವಲ್ಲೇ ಕೂರಿಸುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಹಳೆಯ ಎರಡನ್ನೂ ಇದ್ದಲ್ಲೇ ಬಿಟ್ಟು ಹೊಸದನ್ನು ಕೆಳಹೊಟ್ಟೆಯ ಬಲಮಗ್ಗುಲಿಗೆ ಇಡುತ್ತಾರೆ. ಸೀರೆ ಉಟ್ಟರೆ ನೆರಿಗೆ ಸಿಕ್ಕಿಸುವ ಜಾಗದ ಪಕ್ಕದಲ್ಲೇ. ಕೈಯಿಟ್ಟರೆ ಗಟ್ಟಿಯಾಗಿ ಸಿಗುತ್ತದೆ. ಹೊಲಿಗೆ ಮಾಗುವ ದಿನಗಳಲ್ಲಿ ಅತ್ತೆ ಒಮ್ಮೆ ನೋಡಿ, "ಉಡಿಗೇ ಹಾಕ್ದಾಂಗೆ ಆಜು" ಅಂದಿದ್ದರು. ಆ ಮಾತು ಮನಸ್ಸಿನಲ್ಲಿ ಹಾಗೇ ಕೂತುಬಿಟ್ಟಿತು.

ಉಡಿಯ ಹರಕೆ ಹೊತ್ತವಳು ನಾನೇ. 2024ರ ಮಾರ್ಚಿನಲ್ಲಿ ಶಿರಸಿ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ತಪ್ಪಿಸಬಾರದೆಂದು, ಡಯಾಲಿಸಿಸ್ ಇಲ್ಲದ ದಿನ ನೋಡಿಕೊಂಡು ಜಾತ್ರೆ ನಡೆಯುವ ಬಿಡ್ಕಿಬೈಲಿಗೆ ಹೋಗಿದ್ದೆ. ಗದ್ದುಗೆಯ ಮೇಲೆ ಕೂತ ಮಾರಿಕಾಂಬೆಯನ್ನು ಜನರ ತಲೆಗಳ ನಡುವಿನಿಂದ ಅರೆಗಳಿಗೆ ಕಂಡದ್ದಷ್ಟೇ. ಅಷ್ಟರಲ್ಲೇ ಕೇಳಿಕೊಂಡೆ: ಕಿಡ್ನಿ ಸಿಗುವಂತೆ ಮಾಡು ತಾಯಿ, ಬಂದು ಉಡಿ ತುಂಬುತ್ತೇನೆ.

ಮನೆಯಲ್ಲಿ ಯಾರದ್ದೂ ಹೊಂದಿಕೆಯಾಗಿರಲಿಲ್ಲ. ಅಂಗದಾನ ನೋಡಿಕೊಳ್ಳುವ ಸರ್ಕಾರದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ, ಶಿರಸಿ ದೂರವಾಗುತ್ತದೆಂದು ಬೆಂಗಳೂರಲ್ಲೇ ಒಂದು ಕೋಣೆ ಹಿಡಿದು ಕಾದೆವು. ಆ ಪಟ್ಟಿಯಲ್ಲಿ ಕಾಯುವವರಿಗೆ ಫೋನ್ ಬಂತೆಂದರೆ, ಇನ್ನೆಲ್ಲೋ ಒಂದು ಮನೆಯವರಿಗೆ 'ಮಿದುಳು ಸತ್ತಿದೆ' ಎಂದು ಡಾಕ್ಟರು ಹೇಳಿಯಾಗಿದೆ ಎಂದೇ ಅರ್ಥ. ಹರಕೆ ಹೊತ್ತ ದಿನ ಇದು ತಲೆಗೆ ಹೊಳೆಯಲಿಲ್ಲ. ಫೋನ್ ಬಂದ ರಾತ್ರಿ ಹೊಳೆಯಿತು. 'ಏನೂ ತಿನ್ನಬೇಡಿ, ಕುಡಿಯಬೇಡಿ, ಬೇಗ ಬನ್ನಿ' ಅಂದರು. ಆಟೋದಲ್ಲಿ ಯಜಮಾನರು ನನ್ನ ಕೈ ಹಿಡಿದುಕೊಂಡು ಖುಷಿಯಲ್ಲಿ ಅಳುತ್ತಿದ್ದರು. ನಾನು ಮಾತ್ರ ಯೋಚಿಸುತ್ತಿದ್ದೆ, ಅಮ್ಮನ ಹತ್ತಿರ ನಾನು ಕೇಳಿದ್ದಾದರೂ ಏನು?

ಯಾರ ಕಿಡ್ನಿ ಎಂದು ನಮಗೆ ಹೇಳುವುದಿಲ್ಲ, ಯಾರಿಗೆ ಹೋಯಿತೆಂದು ಅವರಿಗೂ ಹೇಳುವುದಿಲ್ಲ. ನಿಯಮವೇ ಹಾಗೆ. ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ "ಪುನರ್ಜನ್ಮ ಆತು" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಶಬ್ದ ನನ್ನ ಬಾಯಲ್ಲಿ ಬರುವುದಿಲ್ಲ. ಅದೇ ದಿನ ಇನ್ನೊಂದು ಮನೆಯ ಪಂಚಾಂಗದಲ್ಲಿ ಏನೆಂದು ಬರೆದುಕೊಂಡಿರಬಹುದು?

ಹನ್ನೊಂದು ತಿಂಗಳ ನಂತರ ದೇವಸ್ಥಾನಕ್ಕೆ ಹೊರಟೆವು. ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಬುಧವಾರ ಬೆಳಿಗ್ಗೆ, ಎಂಟಕ್ಕೆ ಮಾತ್ರೆ ನುಂಗಿ, ಮಾಸ್ಕ್ ಹಾಕಿಕೊಂಡು. ಡಾಕ್ಟರ ನಿಷೇಧಗಳ ಪಟ್ಟಿ ಏಕಾದಶಿಗಿಂತ ಕಟ್ಟುನಿಟ್ಟು. ತೀರ್ಥ ಬೇಡ, ಕುದಿಸಿದ ನೀರೇ ಆಗಬೇಕು. ಹಸಿ ಒಂದೆಲಗದ ತಂಬುಳಿ ಬೇಡ. ಕೊಟ್ಟಿಗೆಯ ಕಡೆ ಹೋಗುವುದು ಬೇಡ. ಚಕ್ಕೋತವಂತೂ ಬೇಡವೇ ಬೇಡ, ಮಾತ್ರೆಯ ಅಂಶ ರಕ್ತದಲ್ಲಿ ಏರಿಬಿಡುತ್ತದಂತೆ. (ಈ ವರ್ಷವೇ ಅಂಗಳದ ಚಕ್ಕೋತ ಕೊಂಬೆ ಬಾಗುವಷ್ಟು ಬಿಟ್ಟಿದೆ. ನೆಂಟರು ಚೀಲ ತುಂಬಿಕೊಂಡು ಹೋಗುತ್ತಾರೆ, ನಾನು ನೋಡುತ್ತೇನೆ.) ತೀರ್ಥ ತೆಗೆದುಕೊಳ್ಳದೆ ಬಂದರೆ ಹೇಗೆ ಎಂದು ನಾನು ಅನುಮಾನಿಸಿದಾಗ ಅತ್ತೆ, "ಅಮ್ಮಂಗೆ ಎಲ್ಲ ಗೊತ್ತಿದ್ದು, ನೀ ತಲೆ ಕೆಡಸ್ಕಳಡ" ಅಂದರು.

ಗರ್ಭಗುಡಿಯಲ್ಲಿ ಏಳು ಅಡಿ ಎತ್ತರದ ಮರದ ಅಮ್ಮ, ಅದೇ ಕೆಂಪು ಮುಖ. ಹಿಂದೆ ಹಾನಗಲ್ಲಿನಲ್ಲಿ ಜಾತ್ರೆ ಮುಗಿದ ಮೇಲೆ ವಿಗ್ರಹವನ್ನು ಬಿಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ಕಳ್ಳರು ಪೆಟ್ಟಿಗೆ ಕದ್ದು, ಒಡವೆ ತೆಗೆದುಕೊಂಡು, ಅವಳನ್ನು ಇಲ್ಲಿಯ ಕೆರೆಗೆ ಎಸೆದರಂತೆ. ಈಗಿನ ದೇವಿಕೆರೆ ಅದೇ. ಸಣ್ಣವಳಿದ್ದಾಗ ಕಳ್ಳರ ಭಾಗ ಮಾತ್ರ ರುಚಿಸುತ್ತಿತ್ತು. ಆಸ್ಪತ್ರೆಯಲ್ಲಿ ಮೈತುಂಬ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗ ಪೆಟ್ಟಿಗೆಯ ಭಾಗ ನೆನಪಾಯಿತು. ಬಿಡಿಬಿಡಿಯಾಗಿ ನೀರಲ್ಲಿ ಬಿದ್ದವಳನ್ನು ಎತ್ತಿ, ಜೋಡಿಸಿ, ಬಣ್ಣ ಬಳಿದು ನಿಲ್ಲಿಸಿದ್ದಾರೆ. ಈಗಲೂ ಜಾತ್ರೆ ಮುಗಿದರೆ ಅವಳು ಗುಡಿಯಲ್ಲಿ ಇರುವುದಿಲ್ಲ, ಯುಗಾದಿಗೆ ಮತ್ತೆ ಪ್ರತಿಷ್ಠೆ. ಜೋಡಿಸಿದ ಮೈ ಎಂದರೇನೆಂದು ಇವಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದೂ ನೆನಪಾಯಿತು. ಇಲ್ಲಿ ಮೊದಲು ಕೋಣನ ಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲದಲ್ಲಿ ಅದು ನಿಂತಿತೆಂದು ಹಿರಿಯರು ಹೇಳುತ್ತಾರೆ. ಜೀವ ತೆಗೆದುಕೊಳ್ಳುವುದನ್ನು ಬಿಟ್ಟವಳ ಮುಂದೆ ನಿಂತು ನಾನು ಕಿಡ್ನಿ ಕೇಳಿದ್ದೆ. ಅವತ್ತು ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಹೇಳಿದ್ದರು: "ನೀವು ಕೇಳಿದ್ದಕ್ಕೆ ಯಾರೂ ಹೋಗಲಿಲ್ಲ ಅಮ್ಮ. ಹೋದವರ ಮನೆಯವರು ಕೊಟ್ಟರು." ಆಗ ಸಮಾಧಾನದ ಮಾತು ಅನ್ನಿಸಿತ್ತು. ಅಮ್ಮನ ಎದುರು ಹರಿವಾಣ ಹಿಡಿದು ನಿಂತಾಗ ನಿಜ ಅನ್ನಿಸಿತು. ಪೂರ್ತಿ ಅಲ್ಲ, ಮುಕ್ಕಾಲು.

ಸೀರೆ, ರವಿಕೆ ಕಣ, ಅಕ್ಕಿ, ಕಾಯಿ, ಬಳೆ, ಅರಿಶಿನ ಕುಂಕುಮ. ಭಟ್ಟರು ಹರಿವಾಣ ಒಳಗೆ ಒಯ್ದು ಅಮ್ಮನಿಗೆ ಒಪ್ಪಿಸಿ, ಕಾಯಿಯ ಒಂದು ಕಡಿ, ಹೂ ಮತ್ತು ಒಂದು ಹಿಡಿ ಅಕ್ಕಿ ತಂದು ನನ್ನ ಸೆರಗಿಗೆ ಹಾಕಿದರು. ಸೆರಗು ಒಡ್ಡಿ ಹಿಡಿದಾಗ ಅದರ ಭಾರ ಬಿದ್ದದ್ದು ಸರಿಯಾಗಿ ಬಲಮಗ್ಗುಲಿಗೆ, ಆ ಗಟ್ಟಿ ಜಾಗದ ಮೇಲೆ.

ತವರಿನಿಂದ ಹೊರಡುವಾಗ ಉಡಿ ತುಂಬಿದರೆ, ಅದರಲ್ಲಿ ಒಂದು ಚಿಟಿಕೆ ಅಕ್ಕಿ ತೆಗೆದು ಆ ಮನೆಗೇ ಹಾಕಿ ಬರುವುದು ನಮ್ಮಲ್ಲಿ ರೂಢಿ, ಕೊಟ್ಟ ಮನೆ ಬರಿದಾಗಬಾರದು ಅಂತ. ಅಭ್ಯಾಸಬಲದಿಂದ ಕೈ ಹೋಯಿತು. ಒಂದು ಚಿಟಿಕೆ ಅಮ್ಮನ ಹೊಸ್ತಿಲಿಗೆ ಹಾಕಿದೆ. ಇನ್ನೊಂದು ಚಿಟಿಕೆ ತೆಗೆದೆ. ಅದನ್ನು ಯಾವ ಹೊಸ್ತಿಲಿಗೆ ಹಾಕಲಿ? ಸ್ವಲ್ಪ ಹೊತ್ತು ಬೆರಳ ತುದಿಯಲ್ಲೇ ಹಿಡಿದುಕೊಂಡು ನಿಂತೆ. ಹಿಂದೆ ಕಾದವರು, "ಮುಂದೆ ಹೋಗ್ರೀ" ಅಂದರು. ಸೆರಗಿನ ತುದಿಗೆ ಕಟ್ಟಿ ಗಂಟು ಹಾಕಿಕೊಂಡೆ.

ಉಳಿದ ಅಕ್ಕಿಯನ್ನು ಅತ್ತೆ ರಾತ್ರಿಯ ಗಂಜಿಗೆ ಸೇರಿಸಿದರು. ಬೆಂದದ್ದಲ್ಲವಾ, ಡಾಕ್ಟರ ಪಟ್ಟಿಯಲ್ಲೂ ಅಡ್ಡಿ ಇಲ್ಲ. ಗಂಟು ಹಾಗೇ ಇದೆ. ಆ ಸೀರೆಯನ್ನು ಇನ್ನೂ ಒಗೆಯಲು ಹಾಕಿಲ್ಲ.